ಮುತ್ಯಾ ಫುಟ್‌ಪಾತ್ ಯಾಕೆ ಹತ್ತಲ್ಲ? ಒಂದು ಆರು ಇಂಚಿನ ಲೆಕ್ಕ

ಬಸವಕಲ್ಯಾಣದ ಬಸ್ ಸ್ಟ್ಯಾಂಡಿನಿಂದ ಊರೊಳಗೆ ಕೋಲೂರಿಕೊಂಡು ಹೊರಟ ಯಾವುದಾದರೂ ಮುತ್ಯಾನ ಹಿಂದೆ ಹತ್ತು ನಿಮಿಷ ನಡೆದು ನೋಡ್ರಿ. ಪಕ್ಕದಲ್ಲಿ ಫುಟ್‌ಪಾತ್ ಇದ್ದಲ್ಲೂ ಅವರು ರಸ್ತೆಯ ಅಂಚಿನಲ್ಲೇ ನಡೆಯುತ್ತಾರೆ. 'ನಮ್ಮ ಮಂದಿಗೆ ರೂಢಿ ಇಲ್ಲ ಬಿಡ್ರಿ' ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಟೇಪ್ ಹಿಡಿದು ಅಳೆದರೆ ಬೇರೆಯೇ ಉತ್ತರ ಸಿಗುತ್ತದೆ.

ಈ ಪ್ರಶ್ನೆ ನಮ್ಮ ಭಾಗಕ್ಕೆ ಸಣ್ಣದಲ್ಲ. ಶರಣರ ನೆಲ ನೋಡಲು ಕಲ್ಯಾಣಕ್ಕೆ, ವೀರಭದ್ರೇಶ್ವರನ ದರ್ಶನಕ್ಕೆ ಹುಮನಾಬಾದಿಗೆ, ಅಲ್ಲೇ ಹತ್ತಿರದ ಮಾಣಿಕನಗರಕ್ಕೆ ಬರುವವರಲ್ಲಿ ವಯಸ್ಸಾದವರು ಬಹಳ. ಮೇಲಾಗಿ ಹುಮನಾಬಾದ್ ಅಂದರೆ ಪುಣೆ–ಹೈದರಾಬಾದ್ ರಾಷ್ಟ್ರೀಯ ಹೆದ್ದಾರಿ 65 ಮತ್ತು ಬೀದರ್–ಕಲಬುರಗಿ ರಸ್ತೆ ಕೂಡುವ ಜಾಗ. ಇಲ್ಲಿ ಫುಟ್‌ಪಾತಿನಿಂದ ಕೆಳಗಿಳಿದವರ ಪಕ್ಕದಲ್ಲೇ ಲಾರಿ ಹಾಯುತ್ತದೆ.

ಎತ್ತರದ ಲೆಕ್ಕ

ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಪಾದಚಾರಿ ಮಾರ್ಗಸೂಚಿ ಐಆರ್‌ಸಿ 103 (2012) ಹೇಳುವುದು ಇಷ್ಟು: ಕರ್ಬ್ ಎತ್ತರ 150 ಮಿ.ಮೀ. ಮೀರಬಾರದು, ಅಂದರೆ ಆರು ಇಂಚು. ಅಡೆತಡೆ ಇಲ್ಲದ ಅಗಲ ಕನಿಷ್ಠ 1.8 ಮೀಟರ್, ತಲೆ ಮೇಲಿನ ತೆರವು 2.2 ಮೀಟರ್. ರ‍್ಯಾಂಪ್ ಇಳಿಜಾರು 1:12ಕ್ಕಿಂತ ಕಡಿದಾಗಬಾರದು.

ಈಗ ಗುಣಿಸಿ. ಕರ್ಬ್ 150 ಮಿ.ಮೀ. ಇದ್ದರೆ ರ‍್ಯಾಂಪ್ ಉದ್ದ 150 × 12 = 1.8 ಮೀಟರ್. ಇದಕ್ಕೆ ಜಾಗ ಹೊಂದಿಸಬಹುದು. ಅದೇ ಎತ್ತರ 450 ಮಿ.ಮೀ. ಆದರೆ? 5.4 ಮೀಟರ್. 10 ಅಡಿ ಅಂಗಡಿಯ ಮುಂದೆ ಸುಮಾರು 18 ಅಡಿ ರ‍್ಯಾಂಪ್! ಜಾಗ ಸಾಲದೆ ಒಂದು ಮೀಟರಿನಲ್ಲೇ ಮುಗಿಸಿದರೆ ಅದು ಜಾರುಬಂಡಿ. ಗಾಲಿಕುರ್ಚಿ ಹತ್ತುವುದಿಲ್ಲ, ಹತ್ತಿದರೂ ಹಿಂದಕ್ಕೆ ಮಗುಚುತ್ತದೆ.

ಇಷ್ಟು ಎತ್ತರ ಎಲ್ಲಿಂದ ಬಂತು? ನಮ್ಮ ಊರುಗಳಲ್ಲಿ ಫುಟ್‌ಪಾತ್ ಅಂದರೆ ಬಹುಪಾಲು ಚರಂಡಿಯ ಮುಚ್ಚಳ. ಚರಂಡಿಯ ಗೋಡೆ ಎಲ್ಲಿ ನಿಂತಿತೋ ಅಲ್ಲಿ ಕಾಂಕ್ರೀಟ್ ಸ್ಲ್ಯಾಬ್ ಅಥವಾ ಶಹಾಬಾದ್ ಪರ್ಸಿ ಕೂರುತ್ತದೆ. ಅಂದರೆ ಮುತ್ಯಾ ಎಷ್ಟು ಎತ್ತರ ಕಾಲೆತ್ತಬೇಕು ಎಂಬುದು ಚರಂಡಿಯ ಡ್ರಾಯಿಂಗಿನಲ್ಲೇ ತೀರ್ಮಾನವಾಗಿರುತ್ತದೆ. ರ‍್ಯಾಂಪನ್ನು ಆಮೇಲೆ ಸೇರಿಸೋಣ ಅನ್ನುವುದು ಕೆಲಸಕ್ಕೆ ಬಾರದ ಮಾತು. ಮೊದಲು ಸ್ಲ್ಯಾಬಿನ ಮಟ್ಟ ನಿರ್ಧರಿಸಿ, ಆಮೇಲೆ ಚರಂಡಿಯ ಆಳ ಹೊಂದಿಸಬೇಕು.

ಸರಪಳಿಯ ಒಂದು ಕೊಂಡಿ

ಎತ್ತರ ಸರಿ ಇದ್ದರೂ ಪ್ರತಿ ಗೇಟಿನ ಮುಂದೆ ಬೈಕು, ಕಾರಿಗಾಗಿ ಫುಟ್‌ಪಾತ್ ಕಡಿದರೆ ಅದು ಏರಿಳಿತದ ಅಲೆ ಆಗುತ್ತದೆ. ಉಪಾಯ ಸರಳ: ಫುಟ್‌ಪಾತ್ ಒಂದೇ ಮಟ್ಟದಲ್ಲಿ ಸಾಗಲಿ, ವಾಹನವೇ ಹತ್ತಿ ಇಳಿಯಲಿ.

ದೃಷ್ಟಿ ಇಲ್ಲದವರಿಗೆ ಉಬ್ಬು ಟೈಲ್ಸ್ ಬೇಕು. ಜಪಾನಿನ ಸೇಯಿಚಿ ಮಿಯಾಕೆ 1965ರಲ್ಲಿ ರೂಪಿಸಿದ ಇವು 1967ರಲ್ಲಿ ಒಕಾಯಾಮಾದಲ್ಲಿ ಮೊದಲು ನೆಲ ಸೇರಿದವು. ಉದ್ದಗೆರೆ ಅಂದರೆ 'ಮುಂದೆ ನಡೆ', ಚುಕ್ಕಿ ಅಂದರೆ 'ನಿಲ್ಲು, ಎಚ್ಚರ'. ಆ ಗೆರೆ ನೇರ ವಿದ್ಯುತ್ ಕಂಬಕ್ಕೆ ಹೋಗಿ ಮುಟ್ಟಿದರೆ ಟೈಲ್ಸ್ ಇಲ್ಲದಿರುವುದೇ ವಾಸಿ.

ರಸ್ತೆ ದಾಟುವ ಸಮಯವೂ ಲೆಕ್ಕವೇ. ಸಿಗ್ನಲ್ ವಿನ್ಯಾಸದಲ್ಲಿ ನಡಿಗೆಯ ವೇಗ ಸಾಮಾನ್ಯವಾಗಿ ಸೆಕೆಂಡಿಗೆ 1.2 ಮೀಟರ್. 12 ಮೀಟರ್ ರಸ್ತೆಗೆ 10 ಸೆಕೆಂಡ್. ಮುತ್ಯಾನ ವೇಗ 0.8 ಅಂತ ಹಿಡಿದರೆ 15 ಸೆಕೆಂಡ್. ಆ ಐದು ಸೆಕೆಂಡ್ ಅವರು ಲಾರಿಗಳ ಎದುರು ಇರುತ್ತಾರೆ. ನಡುವೆ ನಿಲ್ಲಲು ಒಂದು ಸುರಕ್ಷಿತ ದ್ವೀಪ ಇದ್ದರೆ ಎರಡು ಹಂತದಲ್ಲಿ ದಾಟಬಹುದು.

ಇದು ಉಪಕಾರವಲ್ಲ

ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲೇ ಬಂದಿದೆ. ಬಳಸಲು ಯೋಗ್ಯವಾದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯಡಿ ಪಾದಚಾರಿಗಳ ಹಕ್ಕು, ಅದು ವಿಕಲಚೇತನರಿಗೂ ಬಳಕೆಗೆ ಬರುವಂತಿರಬೇಕು ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ.

ನಾವು ಮಾಡಬಹುದಾದ್ದು

ಒಂದು ಭಾನುವಾರ, ನಾಲ್ವರು, ಒಂದು ಟೇಪ್, 200 ಮೀಟರ್ ರಸ್ತೆ:

1. ಪ್ರತಿ 10 ಮೀಟರಿಗೆ ಕರ್ಬ್ ಎತ್ತರ, ತೆರವಾದ ಅಗಲ ಬರೆದುಕೊಳ್ಳಿ.
2. ಕಂಬ, ಟ್ರಾನ್ಸ್‌ಫಾರ್ಮರ್, ನಿಂತ ಬೈಕು, ಬಿರುಕು ಬಿಟ್ಟ ಸ್ಲ್ಯಾಬ್ ಗುರುತಿಸಿ.
3. ದಾರಿ ಎಲ್ಲೆಲ್ಲಿ ಕಡಿಯುತ್ತದೆ ಎಂಬ ನಕ್ಷೆ ಮಾಡಿ.
4. ರಸ್ತೆ ಸ್ಥಳೀಯ ಸಂಸ್ಥೆಯದೋ, ಲೋಕೋಪಯೋಗಿ ಇಲಾಖೆಯದೋ, ಹೆದ್ದಾರಿಯದೋ ಕೇಳಿ ತಿಳಿದು ಅಲ್ಲಿಗೇ ಕೊಡಿ.

ಒಬ್ಬ ಮುತ್ಯಾನನ್ನೋ ಗಾಲಿಕುರ್ಚಿ ಬಳಸುವ ಗೆಳೆಯನನ್ನೋ ಜೊತೆಗೆ ಕರೆದುಕೊಂಡು ಹೋಗಿ. ಟೇಪಿಗೆ ಸಿಗದ್ದು ಅವರಿಗೆ ಗೊತ್ತಿರುತ್ತದೆ. ನಾಳೆ ಚರಂಡಿಯ ಡ್ರಾಯಿಂಗಿಗೆ ಸಹಿ ಹಾಕುವವರು ನಮ್ಮಲ್ಲೇ ಯಾರೋ ಇರುತ್ತಾರೆ. ಆಗ ಆ ಆರು ಇಂಚು ನೆನಪಿರಲಿ.