ರೈತರ ಜೀವನೋಪಾಯಕ್ಕೆ ಉದ್ಯಮದ ಹಣ: ಕಾನೂನು, ಲೆಕ್ಕ ಮತ್ತು ಮುಂಗಾರು

ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ಎಂದೊಡನೆ ಶಾಲೆಗೆ ಬೆಂಚು, ಆರೋಗ್ಯ ಶಿಬಿರ, ಬಸ್ ತಂಗುದಾಣದ ಮೇಲೆ ಬರೆಸಿದ ಹೆಸರು ನೆನಪಿಗೆ ಬರುವುದು ಸಹಜ. ಇದು ದೊಡ್ಡ ಕಂಪನಿಗಳಿಗೆ ಮಾತ್ರ ಸಂಬಂಧಿಸಿದ ವಿಷಯವೆಂಬ ಭಾವನೆಯೂ ವರ್ತಕರಲ್ಲಿ ಇದೆ. ಇವೆರಡೂ ಪೂರ್ಣ ಸತ್ಯವಲ್ಲ. ಕೃಷಿ ಹೊಂಡ, ಮಣ್ಣಿನ ಸಂರಕ್ಷಣೆ, ಹೈನುಗಾರಿಕೆ, ರೈತರ ಗುಂಪುಗಳ ಸಂಘಟನೆ ಮುಂತಾದ ಕೆಲಸಗಳಿಗೂ ಈ ಹಣವನ್ನು ವಿನಿಯೋಗಿಸಬಹುದು. ಮಧ್ಯಮ ಗಾತ್ರದ ಖಾಸಗಿ ಕಂಪನಿಯೂ ಈ ಕಾನೂನಿನ ವ್ಯಾಪ್ತಿಗೆ ಒಳಪಡಬಹುದು.

ಯಾರಿಗೆ ಅನ್ವಯ?

2013ರ ಕಂಪನಿಗಳ ಕಾಯ್ದೆಯ 135ನೇ ಕಲಮು 2014ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಇದರ ಪ್ರಕಾರ ಹಿಂದಿನ ಹಣಕಾಸು ವರ್ಷದಲ್ಲಿ 500 ಕೋಟಿ ರೂ. ನಿವ್ವಳ ಸಂಪತ್ತು, 1,000 ಕೋಟಿ ರೂ. ವಹಿವಾಟು ಅಥವಾ 5 ಕೋಟಿ ರೂ. ನಿವ್ವಳ ಲಾಭ, ಇವುಗಳಲ್ಲಿ ಯಾವುದಾದರೂ ಒಂದು ಮಿತಿಯನ್ನು ಮುಟ್ಟಿದ ಕಂಪನಿಯು ಹಿಂದಿನ 3 ವರ್ಷಗಳ ಸರಾಸರಿ ನಿವ್ವಳ ಲಾಭದ ಕನಿಷ್ಠ ಶೇ. 2ರಷ್ಟನ್ನು ವೆಚ್ಚ ಮಾಡಬೇಕು. ಇಲ್ಲಿ ಲಾಭವೆಂದರೆ 198ನೇ ಕಲಮಿನಂತೆ ಲೆಕ್ಕ ಹಾಕಿದ, ಆದಾಯ ತೆರಿಗೆ ಕಳೆಯುವುದಕ್ಕೆ ಮೊದಲಿನ ಲಾಭ. ಏಕಮಾಲೀಕತ್ವ ಹಾಗೂ ಪಾಲುದಾರಿಕೆ ಸಂಸ್ಥೆಗಳಿಗೆ ಇದು ಅನ್ವಯಿಸದು. ಮಿತಿಗಳು ಕಾಲಕಾಲಕ್ಕೆ ತಿದ್ದುಪಡಿಗೆ ಒಳಗಾಗುವುದರಿಂದ ಆಯಾ ವರ್ಷ ಜಾರಿಯಲ್ಲಿರುವ ಪಠ್ಯವನ್ನೇ ನೋಡಿಕೊಳ್ಳತಕ್ಕದ್ದು.

ಕಾಯ್ದೆಯ 7ನೇ ಅನುಸೂಚಿಯಲ್ಲಿ ಬಡತನ ನಿವಾರಣೆ, ಜೀವನೋಪಾಯ ವೃದ್ಧಿ, ಮಣ್ಣು ಮತ್ತು ನೀರಿನ ಸಂರಕ್ಷಣೆ, ಗ್ರಾಮೀಣಾಭಿವೃದ್ಧಿ ಯೋಜನೆಗಳು ಸೇರಿವೆ. ಕಂಪನಿಯು ಕಾರ್ಯ ನಿರ್ವಹಿಸುವ ಸ್ಥಳ ಹಾಗೂ ಸುತ್ತಲಿನ ಪ್ರದೇಶಕ್ಕೆ ಆದ್ಯತೆ ನೀಡಬೇಕೆಂದೂ ಕಾಯ್ದೆ ಹೇಳುತ್ತದೆ.

ವ್ಯಾಪಾರ ಯಾವುದು, ಹೊಣೆಗಾರಿಕೆ ಯಾವುದು?

ಸಾಮಾನ್ಯ ವ್ಯವಹಾರದ ಭಾಗವಾಗಿ ಮಾಡಿದ ವೆಚ್ಚ, ನೌಕರರಿಗಷ್ಟೇ ದೊರೆಯುವ ಸೌಲಭ್ಯ, ಪ್ರಚಾರದ ಉದ್ದೇಶದ ಪ್ರಾಯೋಜಕತ್ವ ಇವು ಈ ಲೆಕ್ಕಕ್ಕೆ ಬರುವುದಿಲ್ಲ. ಉದಾಹರಣೆಗೆ, ಚಳ್ಳಕೆರೆಯ ಒಂದು ಎಣ್ಣೆ ಗಿರಣಿಯು ಬೆಳೆಯನ್ನು ತನಗೇ ಮಾರಬೇಕೆಂಬ ಷರತ್ತಿನ ಮೇಲೆ ರೈತರಿಗೆ ಶೇಂಗಾ ಬೀಜ ನೀಡಿತೆಂದು ಭಾವಿಸೋಣ. ಅದು ಕಚ್ಚಾ ಮಾಲು ಸಂಗ್ರಹಣೆಯ ವೆಚ್ಚವೇ ಹೊರತು ಸಾಮಾಜಿಕ ಹೊಣೆಗಾರಿಕೆಯಲ್ಲ. ಐಟಿಸಿ ಕಂಪನಿಯು 2000ದಲ್ಲಿ ಮಧ್ಯಪ್ರದೇಶದ ಸೋಯಾಬೀನ್ ಬೆಳೆಗಾರರ ನಡುವೆ ಆರಂಭಿಸಿದ ಇ-ಚೌಪಾಲ್ ರೈತರಿಗೆ ಬೆಲೆಯ ಮಾಹಿತಿಯನ್ನು ಹಳ್ಳಿಯಲ್ಲಿಯೇ ಒದಗಿಸಿತು. ಆದರೆ ಅದು ಮೂಲತಃ ಖರೀದಿ ವ್ಯವಸ್ಥೆಯೇ ಆಗಿತ್ತು. ಅಂಥದ್ದು ತಪ್ಪಲ್ಲ, ರೈತನಿಗೂ ವರ್ತಕನಿಗೂ ಲಾಭ ತರುವ ವ್ಯವಹಾರ ಸ್ವಾಗತಾರ್ಹವೇ. ಅದರ ಖರ್ಚನ್ನು ಶೇ. 2ರ ಲೆಕ್ಕಕ್ಕೆ ಸೇರಿಸುವಂತಿಲ್ಲ, ಅಷ್ಟೆ.

ಇನ್ನೊಂದು ಬಗೆಯ ಮಾದರಿಗೆ ಮಣಿಭಾಯಿ ದೇಸಾಯಿ ಅವರು 1967ರಲ್ಲಿ ಪುಣೆಯ ಬಳಿಯ ಉರುಳಿ ಕಾಂಚನದಲ್ಲಿ ಸ್ಥಾಪಿಸಿದ ಬೈಫ್ ಸಂಸ್ಥೆಯ 'ವಾಡಿ' ಪದ್ಧತಿಯನ್ನು ನೋಡಬಹುದು. ಗುಜರಾತಿನ ವಾಂಸದಾ ಪ್ರದೇಶದ ಬುಡಕಟ್ಟು ಕುಟುಂಬಗಳೊಂದಿಗೆ ಬೆಳೆದುಬಂದ ಈ ಪದ್ಧತಿಯಲ್ಲಿ ಸುಮಾರು ಒಂದು ಎಕರೆಯಲ್ಲಿ ಮಾವು, ಗೋಡಂಬಿಯಂಥ ಹಣ್ಣಿನ ಗಿಡಗಳು, ಬದುವಿನಲ್ಲಿ ಮರಗಳು, ನಡುವೆ ಆಹಾರ ಬೆಳೆ. ಹಣ್ಣು ಕೈಗೆ ಬರಲು ವರ್ಷಗಳೇ ಬೇಕು. ಅಲ್ಲಿಯವರೆಗೆ ನಡುಬೆಳೆ ಕುಟುಂಬವನ್ನು ಸಲಹುತ್ತದೆ. ನಬಾರ್ಡ್ ಕೂಡ ಈ ಪದ್ಧತಿಯನ್ನು ತನ್ನ ಬುಡಕಟ್ಟು ಅಭಿವೃದ್ಧಿ ನಿಧಿಯ ಮೂಲಕ ಅನೇಕ ರಾಜ್ಯಗಳಿಗೆ ವಿಸ್ತರಿಸಿತು. ರೈತರ ಜೀವನೋಪಾಯದ ಯೋಜನೆ ಒಂದೇ ವರ್ಷದಲ್ಲಿ ಮುಗಿಯುವಂಥದ್ದಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಒಂದು ಮಾದರಿ ಲೆಕ್ಕ

ಒಂದು ಕಂಪನಿಯ ಹಿಂದಿನ 3 ವರ್ಷಗಳ ಲಾಭ 5.5 ಕೋಟಿ, 6 ಕೋಟಿ ಹಾಗೂ 6.5 ಕೋಟಿ ರೂ. ಎಂದಿಟ್ಟುಕೊಳ್ಳೋಣ. ಸರಾಸರಿ 6 ಕೋಟಿ, ಅದರ ಶೇ. 2 ಎಂದರೆ 12 ಲಕ್ಷ ರೂ. ಬಾಧ್ಯತೆಯು 50 ಲಕ್ಷ ರೂ. ಮೀರದ ಕಾರಣ ಪ್ರತ್ಯೇಕ ಸಮಿತಿ ಬೇಕಿಲ್ಲ. ನಿರ್ದೇಶಕ ಮಂಡಳಿಯೇ ಆ ಕಾರ್ಯ ನಿರ್ವಹಿಸಬಹುದು. ಆಡಳಿತ ವೆಚ್ಚವು ಒಟ್ಟು ವೆಚ್ಚದ ಶೇ. 5ನ್ನು, ಅಂದರೆ 60,000 ರೂ. ಗಳನ್ನು ಮೀರಕೂಡದು.

ಈ ಕಂಪನಿ ಬಯಲುಸೀಮೆಯ ರೈತರ ಗುಂಪುಗಳಿಗೆ ಕೃಷಿ ಹೊಂಡ ನಿರ್ಮಿಸಿಕೊಡಲು ನಿರ್ಧರಿಸಿತು. ಮೇಲ್ಭಾಗದಲ್ಲಿ 20 ಮೀಟರ್ ಉದ್ದ-ಅಗಲ, ತಳದಲ್ಲಿ 14 ಮೀಟರ್ ಉದ್ದ-ಅಗಲ, 3 ಮೀಟರ್ ಆಳದ ಹೊಂಡದಲ್ಲಿ ಸುಮಾರು 8.75 ಲಕ್ಷ ಲೀಟರ್ ನೀರು ನಿಲ್ಲುತ್ತದೆ. ಒಂದು ಎಕರೆಗೆ 5 ಸೆಂಟಿಮೀಟರ್ ನೀರು ಹಾಯಿಸಲು ಸುಮಾರು 2 ಲಕ್ಷ ಲೀಟರ್ ಸಾಕು. ಆವಿಯಾಗುವ, ಇಂಗುವ ನೀರನ್ನು ಕಳೆದರೂ ಕಾಳು ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟರೆ ಒಂದೆರಡು ಬಾರಿ ನೀರು ಕೊಟ್ಟು ಬೆಳೆ ಉಳಿಸಿಕೊಳ್ಳಲು ಸಾಧ್ಯ.

ಮಾರ್ಚ್ 31 ಮತ್ತು ಮುಂಗಾರು

ಹೊಂಡ ತೋಡಲು ಸೂಕ್ತ ಕಾಲ ಬೆಳೆ ಕಟಾವಿನ ನಂತರ, ಮುಂಗಾರಿಗೆ ಮೊದಲು, ಅಂದರೆ ಏಪ್ರಿಲ್-ಮೇ. ಹಣಕಾಸು ವರ್ಷವಾದರೋ ಮಾರ್ಚ್ 31ಕ್ಕೆ ಮುಗಿಯುತ್ತದೆ. ಮಂಡಳಿಯು ಫೆಬ್ರವರಿಯಲ್ಲಿ ಅನುಮೋದಿಸಿದರೆ ಕೆಲಸ ಅರ್ಧಕ್ಕೆ ನಿಲ್ಲುವುದು ಬಹುತೇಕ ಖಚಿತ. 12 ಲಕ್ಷದಲ್ಲಿ 8 ಲಕ್ಷ ಖರ್ಚಾಗಿ 4 ಲಕ್ಷ ರೂ. ಉಳಿಯಿತೆನ್ನೋಣ. ಆಗ ಎರಡು ದಾರಿಗಳಿವೆ.

ಯೋಜನೆಯನ್ನು ಮಂಡಳಿಯು ಬಹುವಾರ್ಷಿಕವಾದ 'ಮುಂದುವರಿಯುವ ಯೋಜನೆ' ಎಂದು ಅನುಮೋದಿಸಿದ್ದರೆ, ಉಳಿದ ಹಣವನ್ನು ಏಪ್ರಿಲ್ 30ರೊಳಗೆ ಷೆಡ್ಯೂಲ್ಡ್ ಬ್ಯಾಂಕಿನ ವಿಶೇಷ ಖಾತೆಗೆ ವರ್ಗಾಯಿಸಿ 3 ಹಣಕಾಸು ವರ್ಷಗಳೊಳಗೆ ಅದೇ ಕೆಲಸಕ್ಕೆ ಬಳಸಬಹುದು. ಈ ಖಾತೆಯಲ್ಲಿ ಹಣವಿರುವ ಕಂಪನಿಯು ಚಿಕ್ಕದಾದರೂ ಸಮಿತಿ ರಚಿಸಬೇಕೆಂದು 2022ರ ತಿದ್ದುಪಡಿ ವಿಧಿಸಿದೆ. ಹಾಗೆ ಅನುಮೋದಿಸಿರದಿದ್ದರೆ ಆ ಹಣವನ್ನು ಸೆಪ್ಟೆಂಬರ್ 30ರೊಳಗೆ 7ನೇ ಅನುಸೂಚಿಯ ನಿಧಿಗೆ, ಉದಾಹರಣೆಗೆ ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿಗೆ, ಪಾವತಿಸಬೇಕು. ಹಣ ಸತ್ಕಾರ್ಯಕ್ಕೇ ಹೋಗುತ್ತದೆ, ನಿಜ. ಆದರೆ ಅರ್ಧ ತೋಡಿದ ಹೊಂಡ ಹಾಗೆಯೇ ಉಳಿದು, ಗುಂಪಿಗೆ ಕೊಟ್ಟ ಮಾತು ತಪ್ಪುತ್ತದೆ. ಒಂದು ನಿರ್ಣಯದಲ್ಲಿ ಸರಿಯಾದ ಪದಗಳು ಇಲ್ಲದಿದ್ದುದಕ್ಕೆ ರೈತ ಒಂದು ಮಳೆಗಾಲವನ್ನೇ ಕಳೆದುಕೊಳ್ಳುತ್ತಾನೆ. ಎರಡೂ ದಾರಿ ಹಿಡಿಯದ ಕಂಪನಿಗೆ ಬಾಕಿಯ ಎರಡರಷ್ಟು, ಅಂದರೆ ಇಲ್ಲಿ 8 ಲಕ್ಷ ರೂ., ದಂಡ, ತಪ್ಪಿತಸ್ಥ ಅಧಿಕಾರಿಗೆ 40,000 ರೂ. ಕ್ರಮವಾಗಿ 1 ಕೋಟಿ ಹಾಗೂ 2 ಲಕ್ಷ ರೂ. ಗರಿಷ್ಠ ಮಿತಿ.

ಮುನ್ನೆಚ್ಚರಿಕೆಗಳು

1. ಅನುಷ್ಠಾನ ಸಂಸ್ಥೆಯನ್ನು ವರ್ಷದ ಆರಂಭದಲ್ಲಿಯೇ ಗೊತ್ತು ಮಾಡಿಕೊಳ್ಳಬೇಕು. 2021ರ ಏಪ್ರಿಲ್‌ನಿಂದ ಅಂಥ ಸಂಸ್ಥೆಗೆ ಸಿಎಸ್‌ಆರ್-1 ನಮೂನೆಯ ನೋಂದಣಿ ಸಂಖ್ಯೆ ಕಡ್ಡಾಯ. ಹೊರಗಿನ ಟ್ರಸ್ಟ್ ಅಥವಾ ಸಂಘವಾದರೆ 3 ವರ್ಷಗಳ ಅನುಭವವೂ ಅಗತ್ಯ.

2. ಚೆಕ್ ಕೊಟ್ಟ ಮಾತ್ರಕ್ಕೆ ಹೊಣೆ ಮುಗಿಯದು. ಹಣವು ಉದ್ದೇಶಿತ ಕಾರ್ಯಕ್ಕೇ ಬಳಕೆಯಾಗಿದೆಯೆಂದು ಮಂಡಳಿಗೆ ಖಾತರಿಯಾಗಬೇಕು. ಹಣಕಾಸಿನ ಹೊಣೆ ಹೊತ್ತವರು ದೃಢೀಕರಿಸಬೇಕು.

3. ಈ ಹಣದಿಂದಾದ ಪಂಪು, ಟ್ರ್ಯಾಕ್ಟರ್, ಗೋದಾಮುಗಳಂಥ ಆಸ್ತಿ ಕಂಪನಿಯ ಹೆಸರಿನಲ್ಲಿ ಇರಕೂಡದು. ಸ್ವಸಹಾಯ ಗುಂಪು, ಫಲಾನುಭವಿಗಳ ಒಕ್ಕೂಟ, ನೋಂದಾಯಿತ ಸಂಸ್ಥೆ ಅಥವಾ ಸಾರ್ವಜನಿಕ ಪ್ರಾಧಿಕಾರದ ಒಡೆತನದಲ್ಲಿರಬೇಕು.

4. 2014ರ ತಿದ್ದುಪಡಿಯ ಬಳಿಕ ಈ ವೆಚ್ಚವನ್ನು ಆದಾಯ ತೆರಿಗೆಯಲ್ಲಿ ವ್ಯವಹಾರ ವೆಚ್ಚವೆಂದು ಕಳೆಯುವಂತಿಲ್ಲ. 2023ರ ಅಕ್ಟೋಬರ್ 1ರಿಂದ ಈ ಬಾಧ್ಯತೆಗಾಗಿ ಕೊಂಡ ಸರಕು-ಸೇವೆಗಳ ಜಿಎಸ್‌ಟಿಗೆ ಹೂಡುವಳಿ ತೆರಿಗೆ ಜಮೆಯೂ ದೊರೆಯದು. ಆಯವ್ಯಯವನ್ನು ತೆರಿಗೆ ಸೇರಿಸಿಯೇ ತಯಾರಿಸಬೇಕು.

5. ಹೂಳೆತ್ತುವುದು, ಪಂಪು ದುರಸ್ತಿ, ನೀರಿನ ಹಂಚಿಕೆ ಯಾರ ಹೊಣೆಯೆಂಬುದನ್ನು ಆರಂಭದಲ್ಲಿಯೇ ಬರೆದಿಡಬೇಕು. ನಿರ್ವಹಣೆಯಿಲ್ಲದ ಹೊಂಡ ಕೆಲವೇ ಮಳೆಗಾಲಗಳಲ್ಲಿ ಹೂಳು ತುಂಬಿಕೊಳ್ಳುತ್ತದೆ.

ಕಾನೂನಿನ ವ್ಯಾಪ್ತಿಗೆ ಬಾರದ ಸಣ್ಣ ಉದ್ಯಮಿಗಳಿಗೂ ಇಲ್ಲಿ ಸ್ಥಾನವಿದೆ. ರೈತ ಉತ್ಪಾದಕ ಕಂಪನಿಗಳಿಂದ ಸರಿಯಾದ ತೂಕದಲ್ಲಿ ಖರೀದಿಸಿ ಸಕಾಲಕ್ಕೆ ಹಣ ಪಾವತಿಸುವುದೂ ಜೀವನೋಪಾಯಕ್ಕೆ ದೊಡ್ಡ ಬೆಂಬಲವೇ. ಕಾನೂನಿಗೆ ಒಳಪಟ್ಟ ಕಂಪನಿಗಳು ಮುಂದಿನ ವರ್ಷದ ಯೋಜನೆಯನ್ನು ವರ್ಷದ ಮೊದಲ ಮಂಡಳಿ ಸಭೆಯಲ್ಲಿಯೇ, ಅದರ ಅವಧಿಯನ್ನು ಸ್ಪಷ್ಟವಾಗಿ ನಮೂದಿಸಿ, ಅಂಗೀಕರಿಸುವುದು ಶ್ರೇಯಸ್ಕರ.