ಕಾರು ತಗ್ಗಿಸುವ ಮೊದಲು ವಿಮಾ ಕಂಪನಿಗೊಂದು ಪತ್ರ

ಸ್ಪೋರ್ಟ್ಸ್ ಸೆಡಾನ್ ಕೊಂಡವರಲ್ಲಿ ಹಲವರಿಗೆ ಟೈರಿಗೂ ಅದರ ಮೇಲಿನ ಕಮಾನಿಗೂ ನಡುವಿನ ಸಂದು ಕಣ್ಣಿಗೆ ಚುಚ್ಚುತ್ತದೆ. ಆಕ್ಟೇವಿಯಾ ಇರಲಿ, ವರ್ಟಸ್ ಜಿಟಿ ಇರಲಿ, ಲೋವರಿಂಗ್ ಸ್ಪ್ರಿಂಗ್ ಹಾಕಿಸಿ 30 ಮಿಲಿಮೀಟರ್ ಇಳಿಸಿದರೆ ಕಾರಿನ ಗತ್ತೇ ಬೇರೆ. ಆಸೆ ತಪ್ಪಲ್ಲ. ನನ್ನಲ್ಲಿಗೆ ಬರುವ ಕಕ್ಷಿದಾರರು ಆಸೆಪಟ್ಟು ಕೆಟ್ಟವರಲ್ಲ. ಅಪಘಾತವಾದ ಮೇಲೆ ಯಾರದೋ ಮಾತು ನಂಬಿ, ಓದದ ಕಾಗದಕ್ಕೆ ಸಹಿ ಹಾಕಿ ಕೆಟ್ಟವರು. ಸ್ಪ್ರಿಂಗ್ ಆರಿಸುವಾಗ ಬಣ್ಣ, ಬ್ರ್ಯಾಂಡು, ಬೆಲೆ ಎಲ್ಲ ವಿಚಾರಿಸುವವರು ಪಾಲಿಸಿಯನ್ನು ಮಾತ್ರ ತೆರೆದೂ ನೋಡಿರುವುದಿಲ್ಲ.

ಕಾನೂನು, ಎರಡೇ ಮಾತಿನಲ್ಲಿ

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಮೂಲದಲ್ಲಿ ನಮೂದಿಸಿದ್ದಕ್ಕೂ ಆರ್‌ಸಿಯ ವಿವರಕ್ಕೂ ತಾಳೆಯಾಗದಂತೆ ಮಾಲೀಕ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದಿಂದ ಬಂದ ಜಯಚಂದ್ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಇನ್ನಷ್ಟು ಬಿಗಿಯಾಗಿ ಓದಿತು. ಅದೇ ವರ್ಷದ ತಿದ್ದುಪಡಿ 182ಎ(4) ಅನ್ನು ತಂದಿತು. ಅನುಮತಿಯಿಲ್ಲದ ರೀತಿಯಲ್ಲಿ ಬಿಡಿಭಾಗ ಜೋಡಿಸಿದರೂ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ.

"ಸರ್, ಆರ್‌ಸಿಯಲ್ಲಿ ಸ್ಪ್ರಿಂಗ್ ಅಂತ ಕಾಲಂ ಎಲ್ಲಿದೆ?" ಎಂದು ಕೇಳುತ್ತಾರೆ. ಇಲ್ಲ, ನಿಜ. ಎಂಜಿನ್ ನಂಬರು, ಚಾಸಿ ನಂಬರು, ಇಂಧನ, ಸೀಟು, ವೀಲ್‌ಬೇಸ್, ಖಾಲಿ ತೂಕ ಇವೆ. ವಾಹನದ ಮೂಲ ಲಕ್ಷಣವೇ ಬದಲಾಗುವಂಥ ರಚನೆಯ ಬದಲಾವಣೆ ಮಾತ್ರ ಮಾರ್ಪಾಡು ಎಂದು 52ನೇ ಕಲಂನ ವಿವರಣೆಯೂ ಹೇಳುತ್ತದೆ. ಕೋರ್ಟಿನಲ್ಲಿ ನಿಮ್ಮ ಪರ ನಿಂತರೆ ನಾನೂ ಇದನ್ನೇ ವಾದಿಸುತ್ತೇನೆ. ಆದರೆ ಸಿಕ್ಕಿಬಿದ್ದ ಮೇಲೆ ಹೂಡುವ ವಾದವನ್ನು ಮೊದಲೇ ಸಿಕ್ಕ ಅನುಮತಿ ಎಂದುಕೊಳ್ಳಬೇಡಿ. ಸಾಲ ತೀರದ ಕಾರಾದರೆ ಸಾಲದ ಕರಾರನ್ನೂ ಓದಿ. ಮಾರ್ಪಾಡಿಗೆ ಬ್ಯಾಂಕಿನ ಲಿಖಿತ ಒಪ್ಪಿಗೆ ಬೇಕೆಂಬ ಷರತ್ತು ಅದರಲ್ಲಿರಬಹುದು.

ಯಾವ ಸ್ಪ್ರಿಂಗ್? ವಕೀಲನ ಕಣ್ಣಿನಲ್ಲಿ

ಎಲ್ಲಕ್ಕಿಂತ ಸುರಕ್ಷಿತ ದಾರಿ, ಕಾರು ಕೊಳ್ಳುವಾಗಲೇ ತಯಾರಕರ ಸ್ಪೋರ್ಟ್ ಸಸ್ಪೆನ್ಶನ್ ಇರುವ ವೇರಿಯಂಟ್ ಆರಿಸುವುದು. ಅಲ್ಲಿ ಬದಲಾವಣೆಯ ಪ್ರಶ್ನೆಯೇ ಏಳುವುದಿಲ್ಲ. ಆದರೆ ಷೋರೂಮಿನಲ್ಲಿ ಮಾರುವುದೆಲ್ಲ ತಯಾರಕರದ್ದೆಂದು ತಿಳಿಯಬೇಡಿ. ಡೀಲರ್ ತನ್ನ ಲಾಭಕ್ಕೆ ಹೊರಗಿನ ಮಾಲನ್ನೂ ಜೋಡಿಸಿಕೊಡುತ್ತಾನೆ. ಪಾರ್ಟ್ ನಂಬರ್ ಬಿಲ್ಲಿನಲ್ಲಿ ಬರಲಿ.

ಐಬಾಕ್, ಎಚ್ ಆ್ಯಂಡ್ ಆರ್‌ನಂಥ ಹೊರಗಿನ ಸ್ಪ್ರಿಂಗ್ ಮಾರುವವರು ಜರ್ಮನಿಯ ತಪಾಸಣಾ ಸಂಸ್ಥೆ ಟಿಯುವಿಯ ಕಾಗದ ತೋರಿಸಿ "ಸರ್ಟಿಫೈಡ್ ಸರ್, ಲೀಗಲ್" ಎನ್ನುತ್ತಾರೆ. ಆ ಕಾಗದ ಹಿಡಿದು ಜರ್ಮನಿಯಲ್ಲೂ ಸುಮ್ಮನೆ ಓಡಿಸುವಂತಿಲ್ಲ. ಅಂಥ ವರದಿಯಿರುವ ಸ್ಪ್ರಿಂಗ್ ಹಾಕಿಸಿದ ಕೂಡಲೇ ಕಾರನ್ನು ಪರೀಕ್ಷಕರ ಮುಂದೆ ನಿಲ್ಲಿಸಿ ಒಪ್ಪಿಗೆ ಪಡೆಯಬೇಕು. ಇಲ್ಲಿ ವಾಹನದ ಮಾದರಿಗೆ ಅನುಮೋದನೆ ಕೊಡುವುದು ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್‌ನಂಥ ಸಂಸ್ಥೆಗಳು. ನಮ್ಮ ಆರ್‌ಟಿಒ ಮುಂದೆ ಟಿಯುವಿ ಕಾಗದ ಅನುಮತಿಯಾಗದು. ಆದರೂ ಅದನ್ನು ಇಸಿದುಕೊಳ್ಳಿ. ಆ ಸ್ಪ್ರಿಂಗ್ ಯಾವ ಮಾಡೆಲ್‌ಗೆ, ಮುಂದಿನ ಆಕ್ಸಲ್ ಮೇಲೆ ಎಷ್ಟು ಭಾರದವರೆಗೆ ಎಂಬುದು ಅದರಲ್ಲಿರುತ್ತದೆ. ಡೀಸೆಲ್ ಎಂಜಿನ್ನಿನ ಮೂತಿ ಸಾಮಾನ್ಯವಾಗಿ ಭಾರ. ಪೆಟ್ರೋಲ್ ಕಾರಿನ ಸ್ಪ್ರಿಂಗನ್ನು ಅದಕ್ಕೆ ಹಾಕಿದರೆ ಹೇಳಿದ್ದಕ್ಕಿಂತ ಕೆಳಗೆ ಕೂರುತ್ತದೆ, ಪ್ರತಿ ಗುಂಡಿಗೂ ಬಂಪ್ ಸ್ಟಾಪ್ ಬಡಿಯುತ್ತದೆ.

ಎಷ್ಟು ಇಳಿಸಬೇಕು? ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾನದಂಡದಂತೆ ರಸ್ತೆಯುಬ್ಬಿನ ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್. ನಿಮ್ಮ ಬಡಾವಣೆಯ ಉಬ್ಬು ಹಾಗಿದೆಯೇ ನೋಡಿಕೊಂಡು ಬನ್ನಿ. ಕಾರ್ಪೊರೇಟರ್ ಹೇಳಿದರೆಂದು ರಾತ್ರೋರಾತ್ರಿ ಡಾಂಬರು ಸುರಿದವರಿಗೆ ಯಾವ ಮಾನದಂಡ? 25ರಿಂದ 30 ಮಿಲಿಮೀಟರ್ ದಾಟಿದರೆ ಆಯಿಲ್ ಸಂಪ್ ತಗಲುವ ದಿನ ದೂರವಿಲ್ಲ. ಸಂಪ್ ಬಡಿದರೆ ಆ ಕ್ಷಣವೇ ಎಂಜಿನ್ ನಿಲ್ಲಿಸಿ ಟೋ ಮಾಡಿಸಿ. "ಇಲ್ಲೇ ಮನೆ" ಎಂದು ಓಡಿಸಿ ಎಂಜಿನ್ ಜಾಮ್ ಆದರೆ, ಅದು ಅಪಘಾತದ ನೇರ ಹಾನಿಯಲ್ಲ, ಆಮೇಲೆ ನೀವೇ ತಂದುಕೊಂಡದ್ದು ಎಂದು ಕಂಪನಿ ಕೈಚೆಲ್ಲುತ್ತದೆ. ಸ್ಪ್ರಿಂಗ್ ಸ್ಟಾಕ್, ಅಂದರೆ ಕಾರಿನ ಜತೆ ಬಂದ ಮೂಲದ್ದೇ, ಆಗಿದ್ದರೂ ಇದೇ ಕಥೆ.

ಇನ್ನೊಂದು ಆಯ್ಕೆ ಕೆಲವು ಗ್ಯಾರೇಜುಗಳಲ್ಲಿ ಸಿಗುತ್ತದೆ: ಇರುವ ಸ್ಪ್ರಿಂಗನ್ನೇ ಒಂದೂವರೆ ಸುತ್ತು ಕತ್ತರಿಸಿ ಕೊಡುವುದು. ಕತ್ತರಿಸಿದ ತುದಿ ತನ್ನ ಕೂರುವ ಜಾಗದಲ್ಲಿ ಸರಿಯಾಗಿ ಕೂರದು. ಚಕ್ರ ನೆಲ ಬಿಟ್ಟು ಎದ್ದಾಗ ಜಾರಲೂಬಹುದು. ಇದನ್ನು ಮಾಡಿಸಿ ನನ್ನಲ್ಲಿಗೆ ಬರಬೇಡಿ.

ಕಾಗದದ ಕೆಲಸ

ಒಂದು, ಬಿಲ್ಲು. "ಜಿಎಸ್‌ಟಿ ಉಳಿಸಿಕೊಡ್ತೀನಿ ಸರ್, ಕ್ಯಾಶ್ ಕೊಡಿ" ಎನ್ನುವವನಿಗೆ ಕೈಮುಗಿದು ಹೊರಗೆ ಬನ್ನಿ. ಬಿಲ್ಲಿಲ್ಲದ ಸ್ಪ್ರಿಂಗ್ ಮುರಿದರೆ ಗ್ರಾಹಕ ಆಯೋಗದ ಮುಂದೆ ಮಾರಿದವನು "ಈ ಮನುಷ್ಯನ ಮುಖವನ್ನೇ ನೋಡಿಲ್ಲ" ಎನ್ನುತ್ತಾನೆ.

ಎರಡು, ಹಳೆಯ ನಾಲ್ಕೂ ಸ್ಪ್ರಿಂಗ್ ಮನೆಗೆ ತನ್ನಿ. ಗ್ಯಾರೇಜಿಗೆ ಬಿಟ್ಟರೆ ಸಂಜೆಗೆ ಗುಜರಿ ಸೇರಿರುತ್ತವೆ. ವೀಲ್ ಅಲೈನ್‌ಮೆಂಟ್ ಮಾಡಿಸಿ ಅದರ ಮುದ್ರಿತ ಪ್ರತಿ ಇಟ್ಟುಕೊಳ್ಳಿ. ಕಾರು ತಗ್ಗಿದಾಗ ಕ್ಯಾಂಬರ್ ಬದಲಾಗುತ್ತದೆ, ಹೆಡ್‌ಲೈಟಿನ ಕೋನವೂ ಸರಿ ಹೊಂದಿಸಬೇಕಾಗಬಹುದು.

ಮೂರು, ಆರ್‌ಟಿಒ. ಲಿಖಿತ ಅರ್ಜಿ ಕೊಟ್ಟರೆ "ಸ್ಪ್ರಿಂಗಿಗೆಲ್ಲ ಏನೂ ಇಲ್ಲ ಹೋಗ್ರೀ" ಎನ್ನುವ ಕೌಂಟರು, ನಾಳೆ ಅದೇ ಸ್ಪ್ರಿಂಗಿಗೆ ಕೇಸು ಬಿದ್ದರೆ ಬಾಯಿ ಬಿಡುವುದಿಲ್ಲ. ಅರ್ಜಿಯ ನಕಲಿಗೆ ಸೀಲು ಹಾಕಿಸಿ. ಹಾಕದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ. 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿಯೂ ಹಾಕಬಹುದು, 30 ದಿನದಲ್ಲಿ ಉತ್ತರ ಬರಬೇಕು. ಆದರೆ "ಸ್ಪ್ರಿಂಗ್ ಬದಲಿಸಬಹುದೇ?" ಎಂದು ಕೇಳಬೇಡಿ. ಅಭಿಪ್ರಾಯ ಹೇಳುವುದು ಮಾಹಿತಿ ಅಧಿಕಾರಿಯ ಕೆಲಸವಲ್ಲ ಎಂದು ವಾಪಸು ಕಳಿಸುತ್ತಾರೆ. "ಸಸ್ಪೆನ್ಶನ್ ಮಾರ್ಪಾಡಿನ ಬಗ್ಗೆ ತಮ್ಮ ಕಚೇರಿಯಲ್ಲಿರುವ ಸುತ್ತೋಲೆಗಳ ಪ್ರತಿ ಕೊಡಿ" ಎಂದು ಕೇಳಿ. ಕರ್ನಾಟಕದಲ್ಲಿ ಅರ್ಜಿ ಒಂದೇ ವಿಷಯಕ್ಕೆ, 150 ಪದದೊಳಗೆ ಇರಬೇಕು.

ನಾಲ್ಕು, ಎಲ್ಲಕ್ಕಿಂತ ಮುಖ್ಯ, ವಿಮಾ ಕಂಪನಿಗೆ ಇಮೇಲ್. ಏಜೆಂಟರಿಗೆ ವಾಟ್ಸಾಪ್ ಮಾಡಿದರೆ ಸಾಲದು. ಕಂಪನಿಯ ಅಧಿಕೃತ ವಿಳಾಸಕ್ಕೆ, ಹೀಗೆ:

"ಪಾಲಿಸಿ ಸಂಖ್ಯೆ …, ವಾಹನ ಸಂಖ್ಯೆ …. ನನ್ನ ಕಾರಿಗೆ … ಕಂಪನಿಯ, … ಪಾರ್ಟ್ ನಂಬರಿನ, … ಮಿಲಿಮೀಟರ್ ತಗ್ಗಿಸುವ ಸ್ಪ್ರಿಂಗ್ ಹಾಕಿಸಬೇಕೆಂದಿದ್ದೇನೆ. ಪಾಲಿಸಿ ಹೀಗೆಯೇ ಮುಂದುವರಿಯುವುದೇ, ಹೆಚ್ಚುವರಿ ಪ್ರೀಮಿಯಂ ಅಥವಾ ತಪಾಸಣೆ ಬೇಕೇ, ಲಿಖಿತವಾಗಿ ತಿಳಿಸಿ."

ಒಪ್ಪಿದರೆ ಪಾಲಿಸಿಯಲ್ಲಿ ಅದರ ನಮೂದು (ಎಂಡೋರ್ಸ್‌ಮೆಂಟ್) ಕೇಳಿ ಪಡೆಯಿರಿ. ಒಪ್ಪದಿದ್ದರೆ ಸ್ಪ್ರಿಂಗ್ ಕೊಳ್ಳಬೇಡಿ. ಉತ್ತರವೇ ಬರದಿದ್ದರೆ ಮೌನವನ್ನು ಒಪ್ಪಿಗೆ ಎಂದುಕೊಳ್ಳದೆ ಮತ್ತೆ ಬರೆಯಿರಿ. ಕಂಪನಿ ಒಪ್ಪಿದ ಮಾತ್ರಕ್ಕೆ 52ನೇ ಕಲಂ ಮಾಯವಾಗುವುದಿಲ್ಲ ಎಂಬುದೂ ನೆನಪಿರಲಿ. ಪ್ರತಿ ವರ್ಷ ರಿನ್ಯೂ ಮಾಡುವಾಗ ವಾಹನದಲ್ಲಿ ಬದಲಾವಣೆ ಇದೆಯೇ ಎಂಬ ಪ್ರಶ್ನೆ ಬಂದರೆ ಅವಸರದಲ್ಲಿ 'ಇಲ್ಲ' ಒತ್ತಬೇಡಿ. ನಿಮ್ಮ ಪರವಾಗಿ ಏಜೆಂಟ್ ಒತ್ತಿದರೂ ಆ ಉತ್ತರ ನಿಮ್ಮದೇ.

ಮನೆ ಮುಳುಗಿಸುವ ಸಲಹೆ

ಅಪಘಾತವಾಗಿ ಕಾರು ಗ್ಯಾರೇಜಿಗೆ ಬಂದಿದೆ. ವಿಮಾ ಕಂಪನಿಯ ಸರ್ವೇಯರ್ ಬರುವುದು ನಾಳೆ. ಗ್ಯಾರೇಜಿನವನು ಹತ್ತಿರ ಬಂದು ದನಿ ತಗ್ಗಿಸುತ್ತಾನೆ: "ಸಾರ್, ಸ್ಪ್ರಿಂಗ್ ನೋಡಿದ್ರೆ ಕ್ಲೇಮ್ ಹೊಡೆದುಹಾಕ್ತಾರೆ. ರಾತ್ರಿ ಸ್ಟಾಕ್ ಸ್ಪ್ರಿಂಗ್ ಹಾಕಿಬಿಡ್ತೀನಿ. ಈ ಫಾರಂಗೊಂದು ಸಹಿ ಹಾಕಿ ಹೋಗಿ, ಮಿಕ್ಕಿದ್ದು ನಾನು ತುಂಬ್ತೀನಿ."

ಈ ಸಲಹೆಯಷ್ಟು ಜನರನ್ನು ಕೆಡಿಸಿದ್ದು ಬೇರಾವುದೂ ನನಗೆ ಗೊತ್ತಿಲ್ಲ. ಧೂಳು ಮೆತ್ತಿದ ಸ್ಟ್ರಟ್‌ನ ನೆತ್ತಿಯ ನಟ್ಟಿನ ಮೇಲೆ ಹೊಸ ಪಾನಾದ ಗೀರು ಹೊಳೆಯುತ್ತಿರುತ್ತದೆ. ಅಪಘಾತದ ಜಾಗದಲ್ಲಿ ಯಾರೋ ತೆಗೆದ ಫೋಟೋದಲ್ಲಿ ಕಾರು ಕೆಳಗಿದೆ, ಸರ್ವೇಯರ್ ಫೋಟೋದಲ್ಲಿ ಮೇಲಿದೆ. ನಿಮ್ಮ ಇನ್‌ಸ್ಟಾಗ್ರಾಂ ಪುಟವಂತೂ ಕಂಪನಿಯ ಪರವಾಗಿ ಸಾಕ್ಷಿ ಹೇಳಲು ಸಿದ್ಧವಾಗಿಯೇ ಇರುತ್ತದೆ.

ನಷ್ಟದ ಲೆಕ್ಕ ನೋಡಿ. ಸ್ಪ್ರಿಂಗ್ ಇದ್ದ ಹಾಗೇ ಬಿಟ್ಟಿದ್ದರೆ "ಷರತ್ತು ಮುರಿದದ್ದಕ್ಕೂ ಈ ಹಾನಿಗೂ ಸಂಬಂಧವಿಲ್ಲ" ಎಂದು ಹೋರಾಡಲು ಜಾಗವಿತ್ತು. ಸಿಗ್ನಲ್‌ನಲ್ಲಿ ನಿಂತ ಕಾರಿಗೆ ಹಿಂದಿನಿಂದ ಲಾರಿ ಗುದ್ದಿದರೆ ನಿಮ್ಮ ಸ್ಪ್ರಿಂಗ್ ಮಾಡಿದ್ದೇನು? ಸ್ಪ್ರಿಂಗ್ ಬದಲಿಸಿ, ಸುಳ್ಳು ಫಾರಂ ಕೊಟ್ಟ ಕ್ಷಣ ವಿಷಯ ಸ್ಪ್ರಿಂಗ್ ಬಿಟ್ಟು ವಂಚನೆಗೆ ತಿರುಗುತ್ತದೆ. ಆಗ ಬಂಪರ್ ದುಡ್ಡೂ ಹೋಯಿತು. ಗ್ಯಾರೇಜಿನವನಿಗೆ ಮಾತ್ರ ಎರಡು ಬಾರಿ ಕೂಲಿ.

ಆದ್ದರಿಂದ ಟೋ ಮಾಡುವ ಮೊದಲೇ ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ಕಂಪನಿಗೆ ಅಂದೇ ತಿಳಿಸಿ. ಸರ್ವೇಯರ್ ಇಮೇಲ್‌ನಲ್ಲಿ ಹೇಳುವವರೆಗೆ ಒಂದು ಬೋಲ್ಟೂ ಬಿಚ್ಚಿಸಬೇಡಿ. ಖಾಲಿ ಫಾರಂಗೆ ಸಹಿ ಬೇಡ. ತನಿಖೆಗೆ ಬಂದವರು ಹೇಳಿಕೆ ಬರೆದುಕೊಂಡರೆ ಓದಿ ಸಹಿ ಮಾಡಿ, ನಕಲು ಕೇಳಿ. ಈಗಾಗಲೇ ತಪ್ಪು ಫಾರಂ ಹೋಗಿದ್ದರೆ ವಕೀಲರನ್ನು ಕಂಡು, ವರದಿ ಸಿದ್ಧವಾಗುವ ಮೊದಲೇ ಲಿಖಿತವಾಗಿ ತಿದ್ದಿ.

ಹಾನಿಗೂ ಸ್ಪ್ರಿಂಗಿಗೂ ಸಂಬಂಧವಿಲ್ಲ ಎಂಬ ವಾದಕ್ಕೆ ಅಪವಾದವೊಂದಿದೆ. ರೇಸ್, ವೇಗ ಪರೀಕ್ಷೆ ಸಾಮಾನ್ಯ ಪಾಲಿಸಿಯಿಂದ ಹೊರಗೆ. ಟ್ರ್ಯಾಕ್‌ನಲ್ಲಿ ಆದದ್ದನ್ನು ರಸ್ತೆಯಲ್ಲಿ ಆಯಿತೆಂದು ಬರೆದರೆ ಯಾವ ವಾದವೂ ಕೈಹಿಡಿಯದು.

ಕ್ಲೇಮ್ ತಿರಸ್ಕರಿಸಿದರೆ

ಫೋನಿನಲ್ಲಿ "ಆಗಲ್ಲ" ಎಂದರೆ ಅದು ತಿರಸ್ಕಾರವಲ್ಲ. ಯಾವ ಷರತ್ತಿನಡಿ ಎಂದು ಲಿಖಿತವಾಗಿ ಕೇಳಿ, ಸರ್ವೆ ವರದಿಯ ಪ್ರತಿಯನ್ನೂ ಕೇಳಿ. ಸರ್ವೇಯರ್ ಹೇಳಿದ್ದೇ ಕೊನೆಯ ಮಾತಲ್ಲ ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿದೆ. ನಿಮ್ಮ ದೂರಿನಲ್ಲಿ ಎರಡು ತೀರ್ಪು ಹೆಸರಿಸಿ: 2008ರ ನಿತಿನ್ ಖಂಡೇಲ್‌ವಾಲ್, 2010ರ ಅಮಲೇಂದು ಸಾಹೂ. ಎರಡರಲ್ಲೂ ಖಾಸಗಿ ವಾಹನವನ್ನು ಬಾಡಿಗೆಗೆ ಬಳಸಿ ಷರತ್ತು ಮುರಿದಿತ್ತು. ಆದರೂ ಕ್ಲೇಮ್ ಪೂರ್ತಿ ತಳ್ಳದೆ ಮೊದಲನೆಯದರಲ್ಲಿ ಶೇ 75ರಷ್ಟು, ಎರಡನೆಯದರಲ್ಲಿ ಒಂದು ಭಾಗ ಕೊಡಿಸಲಾಯಿತು. ನಿಮಗೂ ಅಷ್ಟೇ ಸಿಗುತ್ತದೆಂಬ ಭರವಸೆ ಇದಲ್ಲ, ಹಿಡಿಯಲು ಒಂದು ಕೊಂಬೆ.

ಕಂಪನಿಯ ದೂರು ವಿಭಾಗ ಒಂದು ತಿಂಗಳಲ್ಲಿ ಸರಿಪಡಿಸದಿದ್ದರೆ ವಿಮಾ ಓಂಬುಡ್ಸ್‌ಮನ್‌ಗೆ ಹೋಗಬಹುದು. ಕರ್ನಾಟಕದ್ದು ಬೆಂಗಳೂರಿನಲ್ಲಿದೆ. ಶುಲ್ಕವಿಲ್ಲ, ವಕೀಲರೂ ಬೇಡ. ತಿರಸ್ಕಾರವಾದ ಒಂದು ವರ್ಷದೊಳಗೆ ಹೋಗಬೇಕು. ಪ್ರೈವೇಟ್ ಲಿಮಿಟೆಡ್ ಕಂಪನಿ ಹೆಸರಿನ ಕಾರಾದರೆ ಅಲ್ಲಿ ತಕರಾರು ಬರಬಹುದು. ಆಗ ಗ್ರಾಹಕ ಆಯೋಗವೇ ಗತಿ. ಅದಕ್ಕೆ ಎರಡು ವರ್ಷದ ಗಡುವು, ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಎರಡೂ ಕಡೆ ಒಟ್ಟಿಗೆ ಹೋಗುವಂತಿಲ್ಲ. "ಪೂರ್ಣ ಮತ್ತು ಅಂತಿಮ" ಎಂಬ ವೋಚರಿಗೆ ಸಹಿ ಹಾಕಿದರೆ ಆಮೇಲೆ ಹೋರಾಟ ಕಷ್ಟ.

ರಸ್ತೆಯಲ್ಲಿ ತಡೆದರೆ

ಹೆದರಬೇಡಿ, ಜಗಳವೂ ಬೇಡ. ಯಾವ ಕಲಂ ಎಂದು ಕೇಳಿ, ಚಲನ್ ಪಡೆಯಿರಿ. ರಸೀದಿ ಇಲ್ಲದೆ ಕೈಗೆ ಕೊಡುವುದು ದಂಡವಲ್ಲ. ಗಾಡಿ ಜಪ್ತಿ ಮಾಡುವ 207ನೇ ಕಲಂ ಲೈಸೆನ್ಸ್, ನೋಂದಣಿ, ಪರ್ಮಿಟ್ ಇಲ್ಲದವರಿಗೆ. ಬರೀ ಸ್ಪ್ರಿಂಗ್ ಆ ಪಟ್ಟಿಯಲ್ಲಿಲ್ಲ. ಆರ್‌ಟಿಒ ನೋಂದಣಿ ಅಮಾನತು ಮಾಡಬೇಕಾದರೂ ನಿಮ್ಮ ಮಾತು ಕೇಳಲು ಅವಕಾಶ ಕೊಡಬೇಕು. ಆದೇಶ ಬಂದರೆ ಮೇಲ್ಮನವಿಗೆ 30 ದಿನ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರೇ, ತಗ್ಗಿಸಿದ ಕಾರು ಕಂಡರೆ ಸ್ಟಾಕ್ ಸ್ಪ್ರಿಂಗ್ ಕೇಳಿ ಪಡೆಯಿರಿ, ಇಲ್ಲವೇ ಅದರ ಬೆಲೆ ಕಳೆಯಿರಿ. ಆರ್‌ಸಿ ಜತೆಗೆ ಪಾಲಿಸಿಯನ್ನೂ ನಿಮ್ಮ ಹೆಸರಿಗೆ ಮಾಡಿಸಲು 14 ದಿನದೊಳಗೆ ಕಂಪನಿಗೆ ಬರೆಯಿರಿ, ಅದೇ ಪತ್ರದಲ್ಲಿ ಸ್ಪ್ರಿಂಗ್ ವಿಷಯವನ್ನೂ ಹೇಳಿ. ಬ್ರೋಕರ್ "ಅದೆಲ್ಲ ನಾನು ನೋಡ್ಕೊಳ್ತೀನಿ ಬಿಡಿ ಸಾರ್" ಎಂದರೆ ಅಷ್ಟನ್ನೇ ಒಂದು ಕಾಗದದಲ್ಲಿ ಬರೆದು ಸಹಿ ಮಾಡಿ ಕೊಡಲು ಹೇಳಿ. ಹಾಗೆ ಬರೆದುಕೊಟ್ಟ ಬ್ರೋಕರನ್ನು ನಾನಿನ್ನೂ ಕಂಡಿಲ್ಲ.