ಕರಿ ಇಲಿಯ ವರ್ಣತಂತುಗಳು

ತೆಂಗಿನ ಮರವೇರಿ ಎಳೆಗಾಯಿಗಳನ್ನು ಕೊರೆದು ಉದುರಿಸುವ, ಮನೆಯ ಅಟ್ಟದಲ್ಲಿ ಧಾನ್ಯ ಕದಿಯುವ ಇಲಿಗೆ ಕರಿ ಇಲಿ ಎಂದು ಹೆಸರು. ಬಣ್ಣ ಮಾತ್ರ ಹೆಚ್ಚಾಗಿ ಕಂದು. ಏಷ್ಯಾದ ಉದ್ದಗಲಕ್ಕೂ ಇರುವ ಈ ಇಲಿಗಳನ್ನು ಬಹುಕಾಲ ಒಂದೇ ಜಾತಿಯೆಂದು ಎಣಿಸಲಾಗಿತ್ತು.

ವಂಶಗುಣಗಳನ್ನು ಹೊತ್ತ ದಾರದಂತಹ ರಚನೆಗಳೇ ವರ್ಣತಂತುಗಳು. ಭತ್ತದ ಜೀವಕೋಶದಲ್ಲಿ ಇವು 24, ಜೋಳದಲ್ಲಿ 20. ಕರಿ ಇಲಿಯಲ್ಲಿ ಮಾತ್ರ ಲೆಕ್ಕ ಊರಿಗೊಂದು. ಜಪಾನಿನ ಯೋಸಿದಾ ಮತ್ತು ಸಂಗಡಿಗರು 1960 ಮತ್ತು 70ರ ದಶಕಗಳಲ್ಲಿ ನಡೆಸಿದ ಪರೀಕ್ಷೆಗಳಲ್ಲಿ ಪೂರ್ವ ಹಾಗೂ ಆಗ್ನೇಯ ಏಷ್ಯಾದ ಇಲಿಗಳಲ್ಲಿ 42, ಶ್ರೀಲಂಕಾದವುಗಳಲ್ಲಿ 40 ವರ್ಣತಂತುಗಳು ಕಂಡುಬಂದವು. ದಕ್ಷಿಣ ಭಾರತದಲ್ಲಿಯೂ, ಹಡಗುಗಳ ಮೂಲಕ ಯೂರೋಪು, ಅಮೆರಿಕ, ಆಸ್ಟ್ರೇಲಿಯಾಗಳಿಗೆ ಹರಡಿದ ಇಲಿಗಳಲ್ಲಿಯೂ 38.

ಎರಡು ಗಿಡ್ಡ ಹಗ್ಗಗಳನ್ನು ತುದಿಗೆ ತುದಿ ಗಂಟು ಹಾಕಿದರೆ ಹಗ್ಗದ ಎಣಿಕೆ ಒಂದು ಕಡಿಮೆಯಾಗುತ್ತದೆಯೇ ಹೊರತು ಉದ್ದ ಕಳೆದುಹೋಗದು. ಇಲ್ಲಿ ನಡೆದಿರುವುದೂ ಅದೇ. ವರ್ಣತಂತುಗಳು ಜೋಡಿಯಾಗಿರುವುದರಿಂದ ಒಂದು ಕೂಡಿಕೆ ನೆಲೆನಿಂತರೆ ಎಣಿಕೆ ಎರಡು ಇಳಿಯುತ್ತದೆ: 42 ಹೋಗಿ 40, ಮತ್ತೊಂದಕ್ಕೆ 38.

42ರ ಇಲಿಗೂ 38ರ ಇಲಿಗೂ ಸಂಕರ ಮಾಡಿದರೆ ಮರಿಯಲ್ಲಿ 21 ಮತ್ತು 19 ಸೇರಿ 40 ಆಗುತ್ತದೆ. ಲೆಕ್ಕ ಶ್ರೀಲಂಕಾದ ಇಲಿಯದೇ ಆದರೂ ಜೋಡಣೆ ಬೇರೆ. ಕೂಡಿಕೊಂಡ ಒಂದು ತಂತು ಬಿಡಿಬಿಡಿಯಾದ ಎರಡರೊಡನೆ ಜೊತೆಗೂಡಬೇಕಾಗುತ್ತದೆ. ಹಂಚಿಕೆ ತಪ್ಪಿದರೆ ಅಂಡಾಣು, ವೀರ್ಯಾಣುಗಳು ಕೆಡುತ್ತವೆ. ಪ್ರಯೋಗಾಲಯದಲ್ಲಿ ಇಂತಹ ಸಂಕರಗಳ ಸಂತಾನಶಕ್ತಿ ಬಹಳ ಕಡಿಮೆಯೆಂದು ಕಂಡುಬಂದಿದೆ. ಈಗ 42ರ ಇಲಿಯನ್ನು ಬೇರೆ ಜಾತಿಯೆಂದೇ ಪರಿಗಣಿಸಲಾಗುತ್ತದೆ.

ಇದರಿಂದ ರೈತರಿಗೇನು? ಫಿಲಿಪೀನ್ಸಿನ ಭತ್ತದ ಗದ್ದೆಗಳಲ್ಲಿ ಹಾವಳಿ ಮಾಡುವುದು ಈ 42ರ ಇಲಿ. ನಮ್ಮ ಗದ್ದೆಯ ಬದುಗಳಲ್ಲಿ ಬಿಲ ತೋಡಿ ತೆನೆ ಸಾಗಿಸುವುದು ಬಹುಮಟ್ಟಿಗೆ ಹೆಗ್ಗಣದ ಜಾತಿ. ನಮ್ಮ ಕರಿ ಇಲಿಯ ಬೀಡು ತೋಟ ಮತ್ತು ಮನೆ. ಆದ್ದರಿಂದ ಅಲ್ಲಿನ ಶಿಫಾರಸನ್ನು ಇಲ್ಲಿ ಹಾಗೆಯೇ ಅನುಸರಿಸುವುದು ಸಲ್ಲದು. ಬಿಲದ ಬಾಯಿಯಲ್ಲಿಡುವ ವಿಷದ ತಿನಿಸು ಮರದ ಸುಳಿಯಲ್ಲಿ ಗೂಡು ಕಟ್ಟಿದ ಇಲಿಗೆ ಸಿಗುವುದೆಲ್ಲಿಂದ? ಅದಕ್ಕೆ ಮರದ ಮೇಲೆಯೇ ತಿನಿಸು ಇಡಬೇಕು, ಕಾಂಡಕ್ಕೆ ತಗಡಿನ ಪಟ್ಟಿ ಸುತ್ತಬೇಕು.

ವರ್ಣತಂತು ಕಡಿಮೆಯಾದುದರಿಂದಲೇ ಇಲಿಗೆ ವಿಷ ತಾಗದು ಎಂದು ಭಾವಿಸಬಾರದು. ರಕ್ತ ಹೆಪ್ಪುಗಟ್ಟದಂತೆ ಮಾಡುವ ವಾರ್ಫರಿನ್‌ನಂತಹ ವಿಷಗಳಿಗೆ ಇಲಿಗಳು ಬಗ್ಗದಿರುವುದು 1958ರಲ್ಲಿ ಸ್ಕಾಟ್ಲೆಂಡಿನಲ್ಲಿ ಮೊದಲು ಕಂಡಿತು. ಅದಕ್ಕೆ ಕಾರಣವಾದ ವಂಶವಾಹಿ 2004ರಲ್ಲಿ ಗೊತ್ತಾಯಿತು. ಅಲ್ಲಿ ಬದಲಾಗಿರುವುದು ತಂತುಗಳ ಎಣಿಕೆಯಲ್ಲ, ಒಂದು ತಂತುವಿನ ಮೇಲಿನ ಒಂದೇ ಒಂದು ವಂಶವಾಹಿ.